ಎಂಬತ್ತನೇ ಲೆವೆಲ್ಲು

ಬೇತಮಂಗಲದಿಂದ ಏಣಿ, ಬಕೆಟ್ಟು, ಹತ್ತಿಯ ಗಂಟು ಹೊತ್ತು
ಮಾರಿಕುಪ್ಪಂ ಲೈನಿನ ಚರ್ಚಿಗೆ ಬಂದವನು ನಾನು,
ಲಾರಿಗಳ ಬೆನ್ನಿಗೆ ನವಿಲು ಬರೆಯುವವನು,
ಕಬ್ಬಿಣದಂಗಡಿಗೆ ಬೋರ್ಡು.
'ಇದು ಬರೋಕ್,' ಅಂದರು ಫಾದರ್ ಇನ್ನಾಸಪ್ಪ, ಪಟ ತೋರಿಸಿ.
ಬರೋಕೋ, ಹೋಗೋಕೋ,
ಅಡ್ವಾನ್ಸು ಬಂದರೆ ಸಾಕು ಎಂದುಕೊಂಡೆ.

ಒಳಗೆ ಕಣ್ಣು ಊರಲು ಜಾಗವೇ ಇಲ್ಲ.
ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡ ಕಂಬ,
ಗಾರೆಯ ಮೋಡದಿಂದ ಕಾಲು ಇಳಿಬಿಟ್ಟ ಗುಂಡು ಮಕ್ಕಳು,
ಬಳ್ಳಿಯ ಮೇಲೆ ಬಳ್ಳಿ, ಚಿಪ್ಪು, ದ್ರಾಕ್ಷಿಗೊಂಚಲು,
ಎಲ್ಲದರ ಮೇಲೂ ಚಿನ್ನ.
ಉಗುರಲ್ಲಿ ಕೆರೆದು ನೋಡಿದೆ:
ಹಿತ್ತಾಳೆ ಪುಡಿ, ಅಗಸೆ ಎಣ್ಣೆ.
ಮದುವೆ ಕಮಾನಿಗೆ ನಾನೂ ಅದನ್ನೇ ಬಳಿಯುವುದು.
ನೂರು ವರ್ಷ ಕಾಲಡಿಯಿಂದ ಹೊರಟ ಚಿನ್ನದಲ್ಲಿ
ಒಂದು ಗುಂಜಿಯೂ ಇತ್ತ ತಿರುಗಿ ನೋಡಿಲ್ಲ.

ಗೋಡೆಗೆ ಆರು ಪಟ.
ಐದು ಹಡಗು ಹತ್ತಿ ಬಂದವು. ಆರನೆಯದು ಇಲ್ಲೇ ಹುಟ್ಟಿದ್ದು,
ಗಣಿಯೊಳಗೆ ಮರ ಊರುವ ಕೆಲಸಕ್ಕೆಂದು
ಇಟಲಿಯಿಂದ ಬಂದವನೊಬ್ಬ
ರಾತ್ರಿ ಪಾಳಿ ಮುಗಿಸಿ ಬರೆದನಂತೆ,
ತನ್ನೂರ ಗುಡಿಯಲ್ಲಿ ಕಂಡದ್ದನ್ನು ನೆನೆದು ನೆನೆದು.
ನಾಲ್ಕು ದಿನ ಹೆಣವಾಗಿದ್ದ ಲಾಜರ ಎದ್ದು ಬರುವ ಹೊತ್ತು.
ಎಲ್ಲಿಂದಲೋ ಒಂದೇ ಒಂದು ಬೆಳಕು:
ಒಂದು ಕಿವಿ, ಒಂದು ಭುಜ, ಚಾಚಿದ ಕೈಯ ಮೂರು ಬೆರಳು.
ಮಿಕ್ಕಿದ್ದೆಲ್ಲ ಕಪ್ಪು.

'ಸ್ವಲ್ಪ ಬೆಳಕು ಜಾಸ್ತಿ ಮಾಡಿ,' ಅಂದರು ಫಾದರ್.
ಎಂಜಲಲ್ಲಿ ಹತ್ತಿ ಒದ್ದೆ ಮಾಡಿ ಮೆಲ್ಲಗೆ ಉಜ್ಜಿದೆ.
ಮೇಣದ ಹೊಗೆ ಬಂತು, ಸೈನೈಡ್ ದಿಬ್ಬದ ಹಳದಿ ಧೂಳು ಬಂತು,
ಯಾರದೋ ತಲೆಗೆಣ್ಣೆ, ಒಂದು ಜೇಡದ ಕಾಲು.
ಅದರ ಕೆಳಗೆ
ಮತ್ತೊಂದು ಕತ್ತಲು. ಬೇಕೆಂದೇ ಬಳಿದದ್ದು.
ಕಾವಿ, ನೀಲಿ, ಸುಟ್ಟ ಮೂಳೆಯ ಕಪ್ಪು, ಪದರ ಪದರ.

ಬೆಂಚಿನ ಮೇಲೆ ಕೆಮ್ಮುತ್ತ ಕೂತಿದ್ದ ಸವರಿಮುತ್ತು
ಕತ್ತೆತ್ತಿ ನಕ್ಕ.
'ಅದು ಕೊಳೆ ಅಲ್ಲ ಕಣಪ್ಪ. ಎಂಬತ್ತನೇ ಲೆವೆಲ್ಲು.
ಟೋಪಿ ದೀಪ ಎತ್ತ ತಿರುಗುತ್ತೋ ಅಷ್ಟೇ ಮನುಷ್ಯ.
ಪಕ್ಕದವನ ಮುಖ ಪೂರ್ತಿ ನಾನು ನೋಡಿದ್ದು
ಮೇಲೆ ಬಂದಮೇಲೆ, ಸಂಬಳದ ದಿನ.'

ಮೂರನೇ ದಿನ ಆರೋಗ್ಯಮೇರಿ ಬಂದಳು,
ಸೆರಗಿನ ತುದಿಯಲ್ಲಿ ಎರಡು ಮೇಣದ ಬತ್ತಿ.
ಏರ್ ಬ್ಲಾಸ್ಟಿನಲ್ಲಿ ಗಂಡ ಒಳಗೇ ಉಳಿದು ಮೂವತ್ತೆಂಟು ವರ್ಷ.
ಅಂದಿನಿಂದ ಬಲಮೂಲೆಯ ತಲೆವಸ್ತ್ರದವನಿಗೇ ಅವಳ ದೀಪ.
ಎದ್ದು ಬಂದವನು ಅವನೇ ಎಂದುಕೊಂಡಿದ್ದಳು;
ಹೊಗೆ ಹಿಡಿದು ಮುಖ ಮಸುಕಾದಷ್ಟೂ
ಗಂಡನ ಹೋಲಿಕೆ ಹೆಚ್ಚುತ್ತ ಹೋಗಿತ್ತು.
ನನ್ನ ಹತ್ತಿಯುಂಡೆ ಅವತ್ತೇ ಆ ಮೂಲೆ ತಲುಪಿತ್ತು.
ಗದ್ದ ಬಂತು. ಮೀಸೆ ಇರಬೇಕಾದಲ್ಲಿ ಒಂದು ಕೈ,
ಮೂಗು ಮುಚ್ಚಿ ಹಿಡಿದ ಕೈ. ಹೇಸಿದ ಕಣ್ಣು.
ಯಾರೋ ದಾರಿಹೋಕ,
ಹೆಣದ ನಾತಕ್ಕೆ ಮುಖ ಸಿಂಡರಿಸಿದವನು.
ಎದ್ದವನು ಆ ಕಡೆ, ಅವಳು ಎಂದೂ ನೋಡದ ಎಡಮೂಲೆಯಲ್ಲಿ.

ಏಣಿಯ ಮೇಲೆ ಒದ್ದೆ ಹತ್ತಿ ಹಿಡಿದು ನಿಂತೆ.
ಬ್ರಶ್ಶು ಇತ್ತು, ಡಬ್ಬಿಯಲ್ಲಿ ಕಪ್ಪು ಇತ್ತು,
ಅರ್ಧ ನಿಮಿಷದ ಕೆಲಸ, ಮತ್ತೆ ಮುಚ್ಚಿಬಿಡಬಹುದಿತ್ತು.

ತುಂಬ ಹೊತ್ತು ನೋಡಿದಳು.
'ನಾತ ಬರೋಕೂ ಮೈ ಬೇಕಲ್ಲಪ್ಪ,' ಅಂದಳು.
'ನಮ್ಮೋರು ಬರಲೇ ಇಲ್ಲ.
ಮೂಗು ಮುಚ್ಚಿಕೊಳ್ಳೋ ಭಾಗ್ಯ ನನಗೆ ಸಿಗಲಿಲ್ಲ,
ಇವನಿಗಾದರೂ ಸಿಕ್ಕಿತಲ್ಲ. ಇರಲಿ ಬಿಡು, ಅಳಿಸಬೇಡ.'
ಮತ್ತೆ ಅದೇ ಮೂಲೆಗೆ ಬತ್ತಿ ಹಚ್ಚಿ ನಿಲ್ಲಿಸಿದಳು.

ಹೊಗೆ ನೆಟ್ಟಗೆ ಎದ್ದು ಅವನ ಕೈ ಮುಟ್ಟಿತು.
ಮೂರು ದಿನ ತೊಳೆದದ್ದು.
ಕಿಟಕಿ ತೆರೆಯೋಣವೆಂದು ಹೋದೆ:
ಹೊರಗೆ ಆಷಾಢದ ಗಾಳಿ, ದಿಬ್ಬವೇ ಎದ್ದು ಬರುತ್ತಿತ್ತು.
ಚಿಲಕ ಬಿಗಿದು ಬಂದು
ಏಣಿಯನ್ನು ಎಡಕ್ಕೆ ಸರಿಸಿದೆ.
ಲಾಜರನ ಕಾಲು ಇನ್ನೂ ಬಾಕಿ ಇತ್ತು.